ಏಳನೆಯ ಡಬ್ಬಿ

ನನ್ನ ಅಕ್ಕನ ಮಗಳು ತೀರಿಕೊಂಡು ಆರು ದಿನವಾಗಿತ್ತು, ಅಕ್ಕನಿಗೆ ಇನ್ನೂ ಹೇಳಿರಲಿಲ್ಲ. ಹೇಳದೆ ಅವಳ ಪಕ್ಕದಲ್ಲಿ ಕೂತಿರುವ ಡ್ಯೂಟಿ ನನಗೆ ಬಂದಿತ್ತು. ಆ ಮಧ್ಯಾಹ್ನ ಹೊತ್ತು ಕಳೆಯಲೆಂದು ನಾನು ಅವಳಿಗೆ ಒಂದು ಹಳೆಯ ಮೂಕಿ ಸಿನಿಮಾ ತೋರಿಸಿದೆ. ಅದು ತಪ್ಪೋ ಒಪ್ಪೋ ನನಗೆ ಈವತ್ತಿಗೂ ತಿಳಿದಿಲ್ಲ. ಆ ಸಿನಿಮಾದ ವಿಷಯ ಮೊದಲು ಹೇಳಬೇಕು, ಅದನ್ನು ಬಿಟ್ಟರೆ ಉಳಿದದ್ದು ಅರ್ಥವಾಗುವುದಿಲ್ಲ.

ನಮ್ಮಪ್ಪ ರಾಯಚೂರಿನ ಒಂದು ಕಾನ್ವೆಂಟಿನಲ್ಲಿ ಮಾಲಿಯಾಗಿದ್ದ. ಗಿಡಗಳಿಗೆ ನೀರು, ಗೇಟಿನ ಕಾವಲು, ಸಿಸ್ಟರುಗಳಿಗೆ ಬಜಾರಿನಿಂದ ಸಾಮಾನು. ನಮ್ಮದು ಕೂಲಿ ಮಾಡಿ ಉಣ್ಣುವ ಮನೆತನ, ಹಿಂದಿನ ಯಾರೂ ಸ್ಲೇಟು ಹಿಡಿದವರಲ್ಲ. ಅವ್ವ ಆಗಲೇ ಇರಲಿಲ್ಲ. ಮಾಲಿಯ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಶಾಲೆಯಲ್ಲಿ ಜಾಗ ಕೊಡುತ್ತೇವೆ ಅಂತ ಕಾನ್ವೆಂಟಿನ ಮುಖ್ಯಸ್ಥೆ ಮದರ್ ಹೇಳಿದಾಗ, ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕ ಹಿಟ್ಟು ಹತ್ತಿದ ಕೈ ಒರೆಸಿಕೊಳ್ಳುತ್ತ, “ಅಕಿ ಹೋಗಲಿ. ಇಬ್ಬರೂ ಹೋದ್ರ ರೊಟ್ಟಿ ಯಾರ್ ಬಡೀಬೇಕು?” ಅಂದಳು. ಚರ್ಚೆ ಅಷ್ಟೇ. ನಾನು ಬಿಳಿ ಸಾಕ್ಸು ಹಾಕಿಕೊಂಡು ‘ಗುಡ್ ಮಾರ್ನಿಂಗ್ ಸಿಸ್ಟರ್’ ಕಲಿತೆ. ಅವಳು ಅಂದಿನಿಂದ ನನ್ನನ್ನು ‘ದೊರಸಾನಿ’ ಅಂತ ಕರೆಯತೊಡಗಿದಳು. ಹಂಗಿಸುವುದಕ್ಕೂ ಅದೇ, ಮುದ್ದಿಗೂ ಅದೇ.

ಕಾನ್ವೆಂಟಿನ ಸ್ಟೋರ್‌ರೂಮಿನಲ್ಲಿ ಹಿಂದೆ ಇದ್ದ ಯಾರೋ ವಿದೇಶಿ ಫಾದರ್ ಬಿಟ್ಟುಹೋದ ಒಂದು ಪ್ರೊಜೆಕ್ಟರ್ ಇತ್ತು, ಕೈಯಿಂದ ತಿರುಗಿಸುವಂಥದು. ಜೊತೆಗೆ ಏಳು ತಗಡಿನ ಡಬ್ಬಿಗಳಲ್ಲಿ ಒಂದೇ ಒಂದು ಸಿನಿಮಾ. ರಾಯಚೂರಿನ ಟಾಕೀಸುಗಳಲ್ಲಿ ಆಗಲೇ ಮಾತು, ಹಾಡು, ಕುಣಿತ ಎಲ್ಲ ಬಂದಾಗಿತ್ತು, ಮೂಕಿ ಯಾರಿಗೆ ಬೇಕು? ಮೇಲಾಗಿ ಅದು ದೆವ್ವದ ಕಥೆ, ನಾಟ್ ಸೂಟೆಬಲ್ ಫಾರ್ ಗರ್ಲ್ಸ್. ಸ್ಟೋರ್‌ರೂಮ್ ಖಾಲಿ ಮಾಡುವಾಗ ಮದರ್ ಅದನ್ನು ಅಪ್ಪನಿಗೆ ಕೊಟ್ಟುಬಿಟ್ಟರು. ಅಪ್ಪ ಎಲ್ಲಿಂದಲೋ ಒಂದು ಲಾರಿ ಬ್ಯಾಟರಿ ಹೊಂದಿಸಿದ, ಅದರಿಂದ ಬಲ್ಬು ಉರಿಯುತ್ತಿತ್ತು. ಕಾನ್ವೆಂಟಿನ ಹಳೆಯ ಬೆಡ್‌ಶೀಟು ಪರದೆಯಾಯಿತು. ಸೂಟಿ ಸಿಕ್ಕಾಗ ಎತ್ತಿನ ಬಂಡಿ ಹತ್ತಿ ಊರೂರಿಗೆ ಹೋಗುತ್ತಿದ್ದೆವು. ಗುಂಜಹಳ್ಳಿ, ಯಾಪಲದಿನ್ನಿ, ಆ ಕಡೆ ಮಾನ್ವಿ ಸೀಮೆಯ ಮಲ್ಲಟ. ನೋಡಲು ಬಂದವರು ಒಂದೊಂದು ಬೊಗಸೆ ಜೋಳ ತಂದು ಸುರಿಯುತ್ತಿದ್ದರು.

ಅಪ್ಪ ಡಬ್ಬಿ ಬದಲಿಸುತ್ತಿದ್ದ. ಅಕ್ಕ ಪ್ರೊಜೆಕ್ಟರಿನ ಹಿಡಿ ತಿರುಗಿಸುತ್ತಿದ್ದಳು. ಪರದೆಯ ಮೇಲೆ ನಡುನಡುವೆ ಇಂಗ್ಲಿಷಿನಲ್ಲಿ ಬರೆದ ಮಾತುಗಳು ಬರುತ್ತಿದ್ದವು. ಅವನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳುವುದು ನನ್ನ ಕೆಲಸ.

ಕಥೆ ಹೀಗಿತ್ತು. ಸಮುದ್ರದ ದಂಡೆಯ ಗುಡ್ಡದ ಮೇಲೆ ಒಂದು ಪಾಳು ಬಂಗಲೆ. ಬಹಳ ವರ್ಷ ಹೊರಗೆ ಓದಿ ಬಂದ ಒಬ್ಬ ಹುಡುಗಿ ಅಲ್ಲಿಗೆ ತಿರುಗಿ ಬರುತ್ತಾಳೆ. ನಿನ್ನ ಅಕ್ಕ ಸಮುದ್ರಕ್ಕೆ ಬಿದ್ದು ಸತ್ತಳು ಅಂತ ಚಿಕ್ಕಪ್ಪ ಹೇಳುತ್ತಾನೆ. ಆದರೆ ದಿನಾ ಕತ್ತಲಾದ ಮೇಲೆ ಮೇಲಿನ ಅಂತಸ್ತಿನ ಕಿಟಕಿಗಳಲ್ಲಿ ಒಂದು ದೀಪ ಈ ಕಡೆಯಿಂದ ಆ ಕಡೆಗೆ ನಡೆದುಹೋಗುತ್ತದೆ. ಗೋಡೆಯ ಗಡಿಯಾರ ತಾನಾಗಿಯೇ ನಿಲ್ಲುತ್ತದೆ. ಪರದೆಯ ಸಂದಿಯಿಂದ ಒಂದು ಬಿಳಿ ಕೈ ಚಾಚುತ್ತದೆ. ಅಡುಗೆಯವಳು ತಟ್ಟೆ ಬೀಳಿಸಿ ಮೂರ್ಛೆ ಹೋಗುತ್ತಾಳೆ. ಐದು ಡಬ್ಬಿಯವರೆಗೆ ಇದೇ. ಆರನೆಯದರಲ್ಲಿ ಹುಡುಗಿ ಮೇಲಿನ ಕೋಣೆಯ ಬೀಗ ಒಡೆಯುತ್ತಾಳೆ, ಒಳಗೆ ಬಿಳಿ ಬಟ್ಟೆಯಲ್ಲಿ ಅಕ್ಕ ಜೀವಂತ ಕೂತಿದ್ದಾಳೆ! ಆಸ್ತಿಗಾಗಿ ಚಿಕ್ಕಪ್ಪನೇ ಕೂಡಿಹಾಕಿದ್ದ. ಅಕ್ಕತಂಗಿ ಉದ್ದನೆಯ ಮೇಜಿನ ಮುಂದೆ ಮೋಂಬತ್ತಿ ಹಚ್ಚಿಕೊಂಡು ಊಟಕ್ಕೆ ಕೂರುತ್ತಾರೆ. ಅಕ್ಕ ತಂಗಿಗೆ ಚಮಚದಲ್ಲಿ ತಿನ್ನಿಸುತ್ತಾಳೆ, ಇಬ್ಬರೂ ನಗುತ್ತಾರೆ. ಏಳನೆಯ ಡಬ್ಬಿಯಲ್ಲಿ, ಮನೆ ಬಿಟ್ಟು ಹೊರಡುವ ಹೊತ್ತಿಗೆ, ಅಕ್ಕ ತಾಯಿಯ ಫೋಟೊ ತರಲು ಮತ್ತೆ ಮೇಲೆ ಹತ್ತುತ್ತಾಳೆ. ಗೆದ್ದಲು ತಿಂದ ಮೆಟ್ಟಿಲು ಕುಸಿಯುತ್ತದೆ. ತಂಗಿ ಒಬ್ಬಳೇ ಗೇಟಿನಾಚೆ ನಡೆದುಹೋಗುತ್ತಾಳೆ. ದಿ ಎಂಡ್.

ಮಲ್ಲಟದಲ್ಲಿ ಮೊದಲ ಸಲ ತೋರಿಸಿದಾಗ ಬಲ್ಬು ಆರಿದ ಮೇಲೂ ಯಾರೂ ಏಳಲಿಲ್ಲ. ಮುಂದೆ ಕೂತಿದ್ದ ಒಬ್ಬ ಮುದುಕಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಎದ್ದಳು.

“ಏ ಯಪ್ಪಾ, ಮುಗೀತೇನು?”

“ಮುಗೀತವ್ವ,” ಅಂದ ಅಪ್ಪ.

“ಮುಗೀತಂದ್ರ? ಹೆಣಾ ಕೆಡವಿ ಮಂದೀನ್ನ ಮನಿಗಿ ಕಳಸ್ತೀಯೇನು? ಸತ್ತಾಕೀನ್ನ ಎಬ್ಬಸು. ಮಂಗಳಾ ಹಾಡಸು.”

“ಅಕಿ ಪರದ್ಯಾಗಿನ ಬೊಂಬಿ ಬೇ ಯವ್ವಾ, ನಾ ಹ್ಯಾಂಗ ಎಬ್ಬಸಲಿ?”

“ಅದು ನಂಗೇನ್ ಗೊತ್ತು? ಕೂಸು ಕುನ್ನಿ ಕಟಗೊಂಡು ಬಂದೀವಿ. ಹಿಂಗ ಬಿಟ್ಟು ಹೋದ್ರ ಊರಿಗಿ ಛಲೋ ಅಲ್ಲ. ಎಬ್ಬಸು!”

ನಮ್ಮ ಕಡೆಯ ಬಯಲಾಟ ನೋಡಿದವರಿಗೆ ಮುದುಕಿಯ ಸಿಟ್ಟು ಅರ್ಥವಾಗುತ್ತದೆ. ಆಟದಲ್ಲಿ ಎಷ್ಟು ಜನ ಸತ್ತಿದ್ದರೂ ಕೊನೆಗೆ ಎಲ್ಲ ವೇಷಗಳೂ ಎದ್ದು ಬಂದು ಸಾಲಾಗಿ ನಿಂತು ಮಂಗಳ ಹಾಡಬೇಕು. ಸತ್ತ ರಾಕ್ಷಸನೂ ಬರಬೇಕು. ಸತ್ತವರನ್ನು ಸತ್ತಲ್ಲೇ ಬಿಟ್ಟು ಆಟ ಮುಗಿಸಿದರೆ ನೋಡಿದವರ ಮನೆಗೆ ಆ ಸಾವು ಹಿಂಬಾಲಿಸುತ್ತದೆ ಅಂತ ನಂಬಿಕೆ. ಆವತ್ತು ಅಪ್ಪ ತಾನೇ ಬೆಡ್‌ಶೀಟಿನ ಮುಂದೆ ನಿಂತು, ಬಾರದ ದನಿಯಲ್ಲಿ ಒಂದು ಮಂಗಳ ಹಾಡಿ ಪಾರಾದ.

ತಿರುಗಿ ಬರುವಾಗ ಬಂಡಿಯಲ್ಲಿ ಅಕ್ಕ ಒಮ್ಮೆಲೇ ಅಂದಳು: “ಅಪ್ಪಾ, ಏಳನೇ ಡಬ್ಬಿ ಮೊದಲ ಹಾಕೂಣು. ಆರನೇದು ಕಡೀಕ.”

“ಹಂಗ ಮಾಡಾಕ ಬರಂಗಿಲ್ಲ,” ಅಂದೆ ನಾನು. “ಡಬ್ಬಿ ಮ್ಯಾಲ ನಂಬರ್ ಬರದಾರ.”

“ನಂಬರ್ ಬರದಾಂವ ಮಲ್ಲಟಕ್ಕ ಬಂದು ಬೈಸಿಕೊಂಡಿದ್ದನೇನು, ದೊರಸಾನಿ?”

ಅಪ್ಪ ಜೋರಾಗಿ ನಕ್ಕ. ಮುಂದಿನ ಸಲ ಯಾಪಲದಿನ್ನಿಯಲ್ಲಿ ಹಾಗೆಯೇ ಹಾಕಿದೆವು. ಐದರ ನಂತರ ಏಳು, ಅದರ ನಂತರ ಆರು. ನಾನು ನಡುವೆ ಸ್ವಲ್ಪ ಸುಳ್ಳು ಹೇಳಬೇಕಾಯಿತು, ಅಷ್ಟೇ. ಮೆಟ್ಟಿಲ ಮೇಲಿಂದ ಬಿದ್ದದ್ದು ದೆವ್ವ ಅಂದೆ. ತಂಗಿ ಗೇಟು ದಾಟಿ ಹೋಗುತ್ತಿದ್ದಾಳಲ್ಲ, ಪೊಲೀಸರನ್ನು ಕರೆಯಲಿಕ್ಕೆ ಅಂದೆ. ಕೊನೆಯ ಇಂಗ್ಲಿಷ್ ಸಾಲುಗಳನ್ನು ಓದಲೇ ಇಲ್ಲ, “ತಡೀರಿ, ಇನ್ನೂ ಅದ” ಅಂದೆ. ಆಮೇಲೆ ಬೀಗ ಒಡೆದು ಅಕ್ಕ ಸಿಕ್ಕಾಗ ಜನ ಹೋ ಅಂತ ಕೂಗಿದರು. ಬಿದ್ದದ್ದು ದೆವ್ವ, ಸಿಕ್ಕದ್ದು ಅಕ್ಕ! ಮೋಂಬತ್ತಿಯ ಬೆಳಕಿನಲ್ಲಿ ಇಬ್ಬರೂ ಉಣ್ಣುತ್ತಿರುವಾಗ ಊರಿನ ಭಜನೆಯವರು ತಾವಾಗಿಯೇ ಮಂಗಳ ಎತ್ತಿಕೊಂಡರು. ಆವತ್ತಿನಿಂದ ನಮ್ಮ ಸೀಮೆಯಲ್ಲಿ ಆ ಸಿನಿಮಾ ಹೀಗೆಯೇ ನಡೆಯಿತು. ನನಗೇ ಕ್ರಮೇಣ ಅದೇ ನಿಜವಾದ ಕಥೆ ಅನ್ನಿಸತೊಡಗಿತು.

ಇನ್ನೊಂದು ಮಾತು. ದೆವ್ವದ ದೀಪ ಕಿಟಕಿಯಿಂದ ಕಿಟಕಿಗೆ ನಡೆಯುವಾಗ ಅಕ್ಕ ಬೇಕಂತಲೇ ಹಿಡಿಯನ್ನು ನಿಧಾನ ಮಾಡುತ್ತಿದ್ದಳು. ದೀಪ ತೆವಳುತ್ತಿತ್ತು. ಇನ್ನೂರು ಜನರ ಉಸಿರು ಅವಳ ಮೊಣಕೈಯಲ್ಲಿ ಇರುತ್ತಿತ್ತು. ಇಂಗ್ಲಿಷ್ ನನಗೆ ಬರುತ್ತಿತ್ತು, ಬಟ್ ದಿ ಪವರ್ ವಾಸ್ ಹರ್ಸ್.

ಪ್ರೊಜೆಕ್ಟರ್ ಒಂದು ಮಳೆಗಾಲಕ್ಕೆ ತುಕ್ಕು ಹಿಡಿದು ಕೂತಿತು. ಫಿಲ್ಮನ್ನು ಓಣಿಯ ಮಕ್ಕಳು ಕತ್ತರಿಸಿ ಬಿಸಿಲಿಗೆ ಹಿಡಿದು ನೋಡಿದರು. ಡಬ್ಬಿಗಳಲ್ಲಿ ಅಕ್ಕ ಬೆಲ್ಲ, ನುಚ್ಚು ತುಂಬಿಟ್ಟಳು. ಅವಳನ್ನು ಮಾನ್ವಿಗೆ ಕೊಟ್ಟರು. ನಾನು ಓದಿ ರಾಯಚೂರಿನಲ್ಲೇ ಇಂಗ್ಲಿಷ್ ಟೀಚರಾದೆ. ಮದುವೆಯ ಮಾತು ಬಂದು ಬಂದು ಹೋಗಿ, ಕೊನೆಗೆ ಬರುವುದನ್ನೇ ಬಿಟ್ಟಿತು. ಅಕ್ಕನಿಗೆ ಒಬ್ಬ ಮಗ, ಒಬ್ಬಳು ಮಗಳು. ಮಗಳನ್ನು ಅವಳು ಐದನೆಯ ಇಯತ್ತೆಗೆ ನನ್ನ ಮನೆಗೆ ತಂದು ಬಿಟ್ಟು, “ಇಕೀನ್ನೂ ದೊರಸಾನಿ ಮಾಡು” ಅಂದಳು. ಹತ್ತು ವರ್ಷ ಆ ಹುಡುಗಿ ನನ್ನ ಮಂಚದ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದ್ದಳು. ದಿನಾ ಬೆಳಿಗ್ಗೆ ನಾನೇ ತಲೆ ಬಾಚುತ್ತಿದ್ದೆ. ದೆವ್ವದ ಬಂಗಲೆಯ ಕಥೆಯನ್ನು ಎಷ್ಟು ಸಲ ಹೇಳಿಸಿಕೊಂಡಳೋ ಲೆಕ್ಕವಿಲ್ಲ. ಮುಂದೆ ಅವಳು ದೇವದುರ್ಗದಲ್ಲಿ ಹೈಸ್ಕೂಲು ಮೇಡಂ ಆದಳು, ಅಲ್ಲೇ ಸಂಸಾರ ಹೂಡಿದಳು.

ಹೋದ ವರ್ಷ ಒಂದು ದಿನ ನನ್ನ ಫೋನಿಗೆ ಅವಳ ವಾಯ್ಸ್ ಮೆಸೇಜ್ ಬಂತು.

“ಚಿಗವ್ವಾ, ನಿಮ್ಮ ದೆವ್ವದ ಬಂಗ್ಲಾ ಸಿಕ್ತು ನೋಡ್ರಿ! ಇಂಟರ್ನೆಟ್ಟಿನಾಗ ಇಡೀ ಅದ. ನಂಬರ್ ಪ್ರಕಾರ ಅದ ಮತ್ತ, ನಿಮ್ಮ ಹಂಗ ಕಳ್ಳಾಟ ಇಲ್ಲ. ಅವ್ವಗ ಹೇಳಬ್ಯಾಡ್ರಿ, ಸರ್‌ಪ್ರೈಸ್. ದಸರಾ ಸೂಟಿಗಿ ಬರ್ತೀನಿ, ಮೂವರೂ ಕೂಡೇ ನೋಡೂಣು. ನೀವು ಓದ್ರಿ, ಅವ್ವ ಕೈ ತಿರುವಲಿ, ನಾ ಅಂಜತೀನಿ.”

ದಸರಾ ಬರಲಿಲ್ಲ. ಅದಕ್ಕೆ ಮುಂಚೆ ಅವಳಿಗೆ ಜ್ವರ ಬಂತು. ಮೂರನೆಯ ದಿನ ರಾಯಚೂರಿಗೆ ತಂದರು, ನಾನು ಆಸ್ಪತ್ರೆಗೆ ಗಂಜಿ ಒಯ್ದೆ, ಎರಡು ಚಮಚ ಕುಡಿದಳು. ಐದನೆಯ ದಿನ ಅವಳು ಇರಲಿಲ್ಲ.

ಅಕ್ಕ ಆಗ ಮಾನ್ವಿಯಲ್ಲಿ ಮಗನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು, ಹಾರ್ಟಿನ ತೊಂದರೆ. ಅವಳ ಮಗ ಆಸ್ಪತ್ರೆಯ ವರಾಂಡದಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡ. “ಚಿಗವ್ವಾ, ಅವ್ವಗ ಹೇಳಬ್ಯಾಡ್ರಿ. ಡಾಕ್ಟರ್ ಹೇಳ್ಯಾರ, ತಡಿಯಂಗಿಲ್ಲ ಅಂತ. ಒಂದ ದಿನಕ್ಕ ಇಬ್ಬರೂ ಹೋದ್ರ ನಾ ಏನ್ ಮಾಡ್ಲಿ? ಸ್ವಲ್ಪ ಚೇತರಿಸಿಕೊಳ್ಳಲಿ, ನಾನ ಹೇಳ್ತೀನಿ.” ನಾನು ಹೂಂ ಅಂದೆ. ಓದಿದವಳು, ಡಾಕ್ಟರ ಮಾತಿಗೆ ಬೆಲೆ ಕೊಡುವವಳು. ಹೂಂ ಅಂದೆ.

ಮಣ್ಣು ಮಾಡಿದ್ದು ದೇವದುರ್ಗದಲ್ಲಿ. ತಲೆ ನಾನೇ ಬಾಚಿದೆ. ಅಂಗಳದ ತುಂಬ ಅವಳ ಶಾಲೆಯ ಮಕ್ಕಳು, ಓಣಿಯವರು, ಎಲ್ಲರ ಕೈಯಲ್ಲೂ ಫೋನು. ಮುಖದ ಹತ್ತಿರ ಹತ್ತಿರ ತಂದು ಫೋಟೊ ತೆಗೆಯತೊಡಗಿದರು. ನನಗೆ ತಡೆಯಲಾಗಲಿಲ್ಲ. ನಲವತ್ತು ವರ್ಷ ಕ್ಲಾಸಿನಲ್ಲಿ ಬಳಸಿದ ದನಿ ತಾನಾಗಿಯೇ ಹೊರಬಂತು: “ನೋ ಫೋಟೋಸ್, ಪ್ಲೀಸ್! ಸ್ವಲ್ಪ ಡಿಗ್ನಿಟಿ ಇರಲಿ. ತೆಗೆದವರು ಡಿಲೀಟ್ ಮಾಡಿ.” ಎಲ್ಲರೂ ಫೋನು ಇಳಿಸಿದರು. ಕೆಲವರು ನನ್ನ ಕಣ್ಣೆದುರೇ ಅಳಿಸಿ ತೋರಿಸಿದರು. ಅವಳ ಮಾನ ಕಾದೆ ಅಂದುಕೊಂಡೆ.

ಮೂರನೆಯ ದಿನದ ಕಾರ್ಯ ಮುಗಿಸಿ, ಸಿರವಾರದಲ್ಲಿ ಬಸ್ಸು ಬದಲಿಸಿ, ಬಸ್‌ಸ್ಟ್ಯಾಂಡಿನ ನಳದಲ್ಲಿ ಮುಖ ತೊಳೆದುಕೊಂಡು, ಮಾನ್ವಿಗೆ ಬಂದು ಅಕ್ಕನ ಪಕ್ಕ ಕೂತೆ.

ಅವಳ ಮಂಚ ನಡುಮನೆಯಲ್ಲಿತ್ತು. ಸೊಸೆ ಬೀದಿಯ ಬಾಗಿಲು ಮುಚ್ಚಿಯೇ ಇಟ್ಟಿದ್ದಳು. ಸುದ್ದಿ ಕೇಳಿ ಬಂದವರನ್ನು ಹೊರಗಿನ ಕಟ್ಟೆಯ ಮೇಲೇ ಮಾತಾಡಿಸಿ ಕಳಿಸುತ್ತಿದ್ದಳು.

“ಅಕಿ ಯಾಕ ಫೋನ್ ಮಾಡವಲ್ಲಳು?” ಮೊದಲ ಪ್ರಶ್ನೆ ಅದೇ.

“ಟ್ರೇನಿಂಗ್ ಅದ ಅಕ್ಕಾ, ಧಾರವಾಡದಾಗ. ಒಳಗ ಫೋನ್ ಬಿಡಂಗಿಲ್ಲಂತ.”

“ಮೇಡಂಗೋಳ ಫೋನ್ ಕಸಗೊಳ್ಳಾಕ ಅವರೇನು ಸಾಲಿ ಹುಡುಗರೇನು?”

“ಈಗ ಹಂಗ ರೂಲ್ ಮಾಡ್ಯಾರ.”

“ಎಷ್ಟು ದಿನ?”

“ಹತ್ತು... ಹದಿನೈದು ದಿನ ಇರಬೇಕು.”

“ಹತ್ತೋ, ಹದಿನೈದೋ? ನೀ ಇಂಗ್ಲಿಷ್ ಓದಿದಾಕಿ, ಸರಿಯಾಗಿ ಹೇಳು.”

ಹೀಗೆ ಮೂರು ದಿನ. ಅವಳು ಕೇಳುವುದು, ನಾನು ಕಟ್ಟುವುದು. ನಿನ್ನೆ ಹೇಳಿದ ಸುಳ್ಳಿಗೆ ಈವತ್ತಿನದು ಹೊಂದಬೇಕಲ್ಲ. ಆರನೆಯ ದಿನದ ಮಧ್ಯಾಹ್ನ ನನ್ನ ಹತ್ತಿರ ಏನೂ ಉಳಿಯಲಿಲ್ಲ. ಅವಳ ಪ್ರಶ್ನೆ ನಿಲ್ಲಿಸುವಂಥದು ಈ ಪ್ರಪಂಚದಲ್ಲಿ ಒಂದೇ ಇದೆ ಅನ್ನಿಸಿತು. ಸರ್‌ಪ್ರೈಸ್ ಹಾಳಾದರೆ ಇನ್ನು ಬೇಸರ ಮಾಡಿಕೊಳ್ಳುವವರು ಯಾರಿದ್ದಾರೆ? ಕಿಟಕಿಯ ಪರದೆ ಎಳೆದು, ನನ್ನ ಟ್ಯಾಬನ್ನು ನೀರಿನ ತಂಬಿಗೆಗೆ ಒರಗಿಸಿಟ್ಟು, “ಅಕ್ಕಾ, ಏನ್ ತಂದೀನಿ ನೋಡು” ಅಂದೆ.

ಬಂಗಲೆ ಮೂಡಿತು. ಸಮುದ್ರ, ಗುಡ್ಡ, ಕಬ್ಬಿಣದ ಗೇಟು.

ಅಕ್ಕ ನೋಡಿದಳು. ಬಹಳ ಹೊತ್ತು ನನ್ನ ಮುಖ ನೋಡಿದಳು, ಆಮೇಲೆ ಮತ್ತೆ ಟ್ಯಾಬು ನೋಡಿದಳು. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಅಂತ ನಾನು ತಿಳಿದೆ.

“ಇಷ್ಟೇ ಸಣ್ಣದೇನು ಬಂಗ್ಲಾ?” ಅಂದಳು ಕೊನೆಗೆ. “ಗುಂಜಹಳ್ಳ್ಯಾಗ ಗುಡಿ ಗ್ವಾಡಿಯಷ್ಟು ಇತ್ತು.”

ಯಾರೋ ಅದಕ್ಕೆ ಹೊಸದಾಗಿ ಪಿಯಾನೊ ಸೇರಿಸಿದ್ದರು. “ಆ ಸಪ್ಪಳ ಬಂದ್ ಮಾಡು. ನೀ ಓದು.”

ನಾನು ಓದಿದೆ. ಕನ್ನಡಕ ಮೂಗಿನ ತುದಿಗಿಟ್ಟುಕೊಂಡು, ಹತ್ತು ವರ್ಷದವಳ ಹಾಗೆ ದನಿ ಬದಲಿಸಿ ಬದಲಿಸಿ ಓದಿದೆ. ಚಿಕ್ಕಪ್ಪನಿಗೆ ದಪ್ಪ ದನಿ, ಅಡುಗೆಯವಳಿಗೆ ಮೂಗಿನ ದನಿ. ನೋಡುತ್ತೇನೆ, ಕೌದಿಯ ಮೇಲೆ ಅಕ್ಕನ ಬಲಗೈ ಮುಷ್ಟಿ ಕಟ್ಟಿ ಗುಂಡಗೆ ತಿರುಗುತ್ತಿದೆ. ಮೇಲಿನ ಕಿಟಕಿಯಲ್ಲಿ ದೀಪ ಬಂದಾಗ ಮುಷ್ಟಿ ನಿಧಾನವಾಯಿತು. ಆದರೆ ಟ್ಯಾಬಿನ ದೀಪ ಅವಳ ಕೈಯ ಮಾತು ಕೇಳಲಿಲ್ಲ, ತನ್ನ ಪಾಡಿಗೆ ಸರಸರನೆ ಹೋಯಿತು. “ಭಾಳ ಜಲ್ದಿ ಹೋತು,” ಅಂದಳು ಅಕ್ಕ.

ಐದನೆಯ ಡಬ್ಬಿಯ ಭಾಗ ಎಲ್ಲಿ ಮುಗಿಯುತ್ತದೆ ಅಂತ ನಾನು ಮೊದಲೇ ನೋಡಿಟ್ಟುಕೊಂಡಿದ್ದೆ. ಅಲ್ಲಿಗೆ ಬಂದ ಕೂಡಲೇ ಬೆರಳಿನಿಂದ ಗೆರೆಯನ್ನು ಮುಂದಕ್ಕೆ ಎಳೆಯಲು ಹೋದೆ.

“ಏನ್ ಮಾಡಾಕತ್ತಿ?”

“ನಮ್ಮ ಪದ್ಧತಿ, ಅಕ್ಕಾ. ಏಳನೇದು ಮೊದಲ.”

“ಬ್ಯಾಡ. ನಂಬರ್ ಹ್ಯಾಂಗ ಬರದಾರ ಹಂಗ ಹಾಕು.”

“ಅಕ್ಕಾ, ಯಾಕ ಸುಮ್ಮ...”

“ಹಾಕು ಅಂದೆ.”

ಬೀಗ ಒಡೆಯಿತು. ಬಿಳಿ ಬಟ್ಟೆಯ ಅಕ್ಕ ತಲೆ ಎತ್ತಿದಳು. ಮೋಂಬತ್ತಿ, ಮೇಜು, ಚಮಚ. ಇಬ್ಬರೂ ನಕ್ಕರು. ಆ ನಗುವಿಗೆ ಅಕ್ಕನ ಕೈ ನಿಂತುಹೋಯಿತು, ಮತ್ತೆ ತಿರುಗಲಿಲ್ಲ. ಆಮೇಲೆ ಮೆಟ್ಟಿಲು. ಅವಳು ಹತ್ತಿದಳು, ತಿರುಗಿ ತಂಗಿಗೆ ಕೈ ಬೀಸಿದಳು. ಕೈ ಬೀಸಿದ್ದು ನನಗೆ ನೆನಪೇ ಇರಲಿಲ್ಲ. ಕುಸಿಯಿತು. ಧೂಳು. ಗೇಟಿನಾಚೆ ಒಬ್ಬಳೇ ಹೋಗುವ ಹುಡುಗಿ. ಕಪ್ಪಿನ ಮೇಲೆ ಬಿಳಿ ಅಕ್ಷರ.

“ಓದು,” ಅಂದಳು ಅಕ್ಕ.

ನಾನು ಕನ್ನಡಕ ತೆಗೆದು ಒರೆಸತೊಡಗಿದೆ.

“ಮಲ್ಲಟ ಆದ ಮ್ಯಾಲ ನೀ ಇದನ್ನ ಒಮ್ಮೆರ ಓದಿಲ್ಲ. ಏನ್ ಬರದದ?”

ಓದಿದೆ. “ಅಕ್ಕ ಹೋದಳು. ತಂಗಿ ಬಾಗಿಲು ಮುಚ್ಚದೆ ನಡೆದಳು.”

ಅಕ್ಕ ತಂಬಿಗೆಯ ಕಡೆಯಿಂದ ಮುಖ ತಿರುಗಿಸಿ ಮೇಲೆ ತೊಲೆಯನ್ನು ನೋಡಿದಳು.

“ಮಣ್ಣಿಗಿಟ್ಟು ಎಷ್ಟು ದಿನ ಆತು?”

“ಯಾ... ಯಾರನ್ನ ಅಕ್ಕಾ?”

“ಸುಳ್ಳು ಸಾಕು ಮಾಡು. ವಾರ ಆತು, ಈ ಮನ್ಯಾಗ ಒಗ್ಗರಣಿ ಹಾಕಿದ ಸಪ್ಪಳ ಕೇಳಿಲ್ಲ.”

ನನಗೆ ಹೊಳೆದಿರಲೇ ಇಲ್ಲ. ಸಾವಿನ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲವಲ್ಲ. ಸೊಸೆ ಒಳ್ಳೆಯವಳು, ಎಲ್ಲವನ್ನೂ ಮುಚ್ಚಿಟ್ಟಿದ್ದಳು, ಆದರೆ ನಾದಿನಿಯ ಸಾವಿಗೆ ಸಲ್ಲಬೇಕಾದ ನೇಮವನ್ನು ಬಿಡಲು ಅವಳ ಮನಸ್ಸು ಒಪ್ಪಿರಲಿಲ್ಲ. ದಿನಾ ಸಪ್ಪೆ ಬೇಳೆ ಬೇಯಿಸಿ ಅತ್ತೆಗೆ ಉಣ್ಣಿಸಿದ್ದಳು.

“ಮಗ ನನ್ನ ಮಾರಿ ನೋಡವಲ್ಲ,” ಅಂದಳು ಅಕ್ಕ. “ಮಂದಿ ಕಟ್ಟಿ ತನಕ ಬಂದು ಹೊಳ್ಳಿ ಹೋಗಾಕತ್ತಾರ. ನಾ ಸಾಯಾಕತ್ತೀನಿ, ಅದಕ್ಕ ಬಂದಾರ ಅಂದಕೊಂಡೆ. ಸಾವು ನಂದ ಇರಲಿ, ನಂದ ಇರಲಿ ಅಂತ ಬೇಡಿಕೊಂಡೆ. ನೀ ಈ ಸಿನಿಮಾ ಹಾಕಿದ್ಯಲ್ಲ, ಆಗ ತಿಳೀತು.”

“ಸಿನಿಮಾ ಹಾಕಿದ್ರ ಏನಾತು?”

“ಅಕಿ ಬಾಯಾಗ ಗುಟ್ಟು ನಿಂದರತದೇನು? ನಂಗೂ ಫೋನ್ ಮಾಡಿ ಹೇಳಿದ್ದಳು. ಚಿಗವ್ವಗ ಹೇಳಬ್ಯಾಡ, ಮೂವರೂ ಕೂಡೇ ನೋಡೂಣು ಅಂದಿದ್ದಳು. ಅಕೀನ್ನ ಬಿಟ್ಟು ನೀ ಹಾಕಿದಿ ಅಂದ್ರ ಅಕಿ ಇನ್ನ ಬರಂಗಿಲ್ಲ.” ಕೌದಿ ಎಳೆದುಕೊಂಡು ಅಂದಳು, “ಈಗ ಹೇಳ್ತೀಯೇನೋ ಅಂತ ಕಾದೆ. ಏಳೂ ಡಬ್ಬಿ ಕಾದೆ.”

ಮತ್ತೆ ಅವಳು ಒಂದೊಂದೇ ಕೇಳಿದಳು. ಅಳಲಿಲ್ಲ. ಸಂತೆಯಿಂದ ಬಂದವರನ್ನು ಕೇಳುವ ಹಾಗೆ ಕೇಳಿದಳು.

“ಯಾವ ಸೀರಿ ಉಡಸಿದ್ರಿ?”

“ಹಸರು ಇಳಕಲ್. ನೀ ಕೊಡಿಸಿದ್ದು.”

“ತಲಿ?”

“ನಾನ ಬಾಚಿದೆ.”

“ಸಿಕ್ಕಿತ್ತೇನು?”

“ಭಾಳ ಸಿಕ್ಕಿತ್ತು. ಎಣ್ಣಿ ಹಚ್ಚಿ ಬಿಡಿಸಿದೆ.”

“ಮಾರಿ ಹ್ಯಾಂಗಿತ್ತು?”

ನನಗೆ ಬಂದದ್ದು ‘ಪೀಸ್‌ಫುಲ್’ ಅನ್ನುವ ಒಂದೇ ಶಬ್ದ. ಅದನ್ನು ಅವಳಿಗೆ ಹೇಗೆ ಹೇಳಲಿ? ಎಪ್ಪತ್ತು ವರ್ಷ ಇಂಗ್ಲಿಷನ್ನು ಕನ್ನಡ ಮಾಡುತ್ತಲೇ ಬಂದವಳು, ಆ ಒಂದು ಮುಖವನ್ನು ಕನ್ನಡ ಮಾಡಲಾಗಲಿಲ್ಲ. “ನಿದ್ದಿ ಹತ್ತಿದಂಗ ಇತ್ತು,” ಅಂದೆ.

“ಹಂಗ ಎಲ್ಲಾರೂ ಅಂತಾರ. ಫೋಟೊ ತೋರಸು.”

“ಇಲ್ಲ ಅಕ್ಕಾ.”

“ನಿನ್ನ ಫೋನಿನಾಗ ಇರಲಿಕ್ಕಿಲ್ಲ. ಅಷ್ಟು ಮಂದಿ ಇದ್ದರು, ಯಾರೂ ತಗೀಲಿಲ್ಲೇನು?”

“ತಗದಿದ್ರು. ನಾ... ನಾ ಬ್ಯಾಡಂದೆ. ಅಳಸಾಕ ಹಚ್ಚಿದೆ.”

ಅವಳು ನನ್ನ ಕಡೆಗೆ ತಿರುಗಿದಳು. ಅವಳ ಕಣ್ಣನ್ನು ಅಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ.

“ಯಾವ ದೇಶದವರೋ ಏನೋ, ಸತ್ತು ಮಣ್ಣಾಗಿ ಹೋದವರ ಮಾರಿ ತಂದು ತೋರಸಿದಿ ನಂಗ. ನನ್ನ ಮಗಳ ಮಾರಿ ಬ್ಯಾಡಂದಿ.”

ನಾನು ಅವಳ ಕೈ ಹಿಡಿಯಲು ಹೋದೆ. ಹಿಂದಕ್ಕೆ ತೆಗೆದುಕೊಂಡಳು.

“ಅಂವ ಹುಡುಗ, ಅಂಜಿದ. ನೀ ಯಾಕ ಅಂಜಿದಿ? ಅಕೀನ್ನ ನಿನ್ನ ಮಡಲಾಗ ಹಾಕಿದ್ದೆ ನಾ. ಒಂದು ಬಂಡಿ ಮಾಡಿ ನನ್ನ ಒಯ್ದಿದ್ರ ದಾರ್ಯಾಗ ಸಾಯ್ತಿದ್ದೆ. ಸತ್ರ ಸತ್ತೆ. ಅಕಿ ಪಕ್ಕ ಸಾಯ್ತಿದ್ದೆ.”

ಆಮೇಲೆ ಅಡುಗೆಮನೆಯ ಕಡೆಗೆ ಕೂಗಿದಳು: “ಏ ಯವ್ವಾ, ಬಾಗಲಾ ತಗಿ. ಕಟ್ಟಿ ಮ್ಯಾಲ ಯಾರ್ಯಾರ ಅದಾರ, ಎಲ್ಲಾರಿಗೂ ಒಳಗ ಬಾ ಅನ್ನು.”

ಸೊಸೆ ಓಡಿ ಬಂದಳು, ನನ್ನ ಮುಖ ನೋಡಿದಳು, ಅರ್ಥವಾಯಿತು. ಬಾಯಿಗೆ ಸೆರಗು ಒತ್ತಿಕೊಂಡು ಹೋಗಿ ಬಾಗಿಲು ತೆಗೆದಳು. ಬಿಸಿಲು ಒಳಗೆ ಬಂತು, ಅದರ ಹಿಂದೆ ಓಣಿಯ ಹೆಂಗಸರು. ಆರು ದಿನದಿಂದ ಹೊರಗೆ ತಡೆದಿಟ್ಟ ಅಳು ಒಮ್ಮೆಲೇ ನಡುಮನೆಗೆ ನುಗ್ಗಿತು. ಅಕ್ಕ ಮಂಚದ ಮೇಲೆ ಎದ್ದು ಕೂತು ಹಾಡಿಕೊಂಡು ಅತ್ತಳು, ನಮ್ಮವರು ಅಳುವ ಹಾಗೆ, ಮಗಳು ಹುಟ್ಟಿದ್ದು, ಹಲ್ಲು ಬಂದದ್ದು, ಜಡೆ ಹಾಕಿದ್ದು, ರಾಯಚೂರಿಗೆ ಬಿಟ್ಟು ಬಂದದ್ದು ಒಂದನ್ನೂ ಬಿಡದೆ. ಹೆಂಗಸರು ಒಬ್ಬೊಬ್ಬರೇ ಅವಳ ಕೊರಳು ತಬ್ಬಿಕೊಂಡರು. ಅವಳ ಎದೆ ಒಡೆಯಲಿಲ್ಲ. ಡಾಕ್ಟರು ಹೇಳಿದ್ದು ಆಗಲಿಲ್ಲ, ಅದು ತಡೆಯಿತು.

ನಾನು ಕಿಟಕಿಯ ಹತ್ತಿರ ಕರ್ಚೀಫು ಹಿಡಿದು ನಿಂತಿದ್ದೆ. ಅಪ್ಪ ಸತ್ತ ದಿನ ಸಿಸ್ಟರ್ ಒಬ್ಬರು ನನ್ನ ಬೆನ್ನ ಮೇಲೆ ಕೈಯಿಟ್ಟು, ‘ಕ್ವಾಯೆಟ್ಲಿ, ಚೈಲ್ಡ್’ ಅಂದಿದ್ದರು. ಪ್ರೀತಿಯಿಂದಲೇ ಅಂದದ್ದು. ಅದನ್ನು ನಾನು ಎಷ್ಟು ಚೆನ್ನಾಗಿ ಕಲಿತುಬಿಟ್ಟಿದ್ದೆನೆಂದರೆ, ಆ ಕೋಣೆಯಲ್ಲಿ ದನಿ ತೆಗೆದು ಅಳಲು ಬಾರದವಳು ನಾನೊಬ್ಬಳೇ ಆಗಿದ್ದೆ. ತಂಬಿಗೆಗೆ ಒರಗಿಸಿದ ಟ್ಯಾಬು ಯಾವಾಗಲೋ ಕಪ್ಪಾಗಿತ್ತು.

ಇದೆಲ್ಲ ಆಗಿ ಈಗ ಎಂಟು ತಿಂಗಳು. ಅಕ್ಕ ಈಗ ಗೋಡೆ ಹಿಡಿದು ಓಡಾಡುತ್ತಾಳೆ. ಮನೆಯಲ್ಲಿ ಒಗ್ಗರಣೆಯೂ ಶುರುವಾಗಿದೆ. ತಿಂಗಳಿಗೊಮ್ಮೆ ನಾನು ರಾಯಚೂರಿನಿಂದ ಬಸ್ಸು ಹತ್ತಿ ಮಾನ್ವಿಗೆ ಹೋಗುತ್ತೇನೆ. ಚಹಾ ಆದ ಮೇಲೆ ಅವಳು ಕೈ ಚಾಚುತ್ತಾಳೆ, ನಾನು ಫೋನು ಕೊಡುತ್ತೇನೆ. ಯಾವುದನ್ನು ಒತ್ತಬೇಕು ಅಂತ ಕಲಿತಿದ್ದಾಳೆ. ಕಿವಿಗೆ ಹಿಡಿದುಕೊಂಡು ಕೇಳುತ್ತಾಳೆ: ನೀವು ಓದ್ರಿ, ಅವ್ವ ಕೈ ತಿರುವಲಿ, ನಾ ಅಂಜತೀನಿ. ಮುಗಿದ ಮೇಲೆ ಸೆರಗಿನಿಂದ ಫೋನಿನ ಗಾಜು ಒರೆಸಿ ನನಗೆ ತಿರುಗಿ ಕೊಡುತ್ತಾಳೆ.

ಬಾಗಿಲಲ್ಲಿ ನನ್ನನ್ನು ಕಂಡರೆ, “ಬರ್ರಿ, ಕೂಡ್ರಿ. ಬಸ್ಸಿನಾಗ ಜಾಗ ಸಿಕ್ತೇನ್ರಿ?” ಅನ್ನುತ್ತಾಳೆ. ಊರಿಗೆ ಹೊಸದಾಗಿ ಬಂದ ಯಾರೋ ದೊಡ್ಡವರನ್ನು ಕೇಳುವ ಹಾಗೆ. ದೊರಸಾನಿ ಅಂತ ಅವಳು ಕರೆದು ಎಂಟು ತಿಂಗಳಾಯಿತು.

ಹೋದ ಸಲ ತಡೆಯಲಾರದೆ ಅವಳ ಮುಂದೆ ನೆಲದ ಮೇಲೆ ಕೂತೆ. ನನ್ನ ಮೊಣಕಾಲಿಗೆ ನೆಲ ಆಗುವುದಿಲ್ಲ, ಆದರೂ ಕೂತೆ. “ಅಕ್ಕಾ, ಒಮ್ಮೆ ಬೈದುಬಿಡು. ಬಾಯಿಗೆ ಬಂದಂಗ ಬೈ,” ಅಂದೆ.

ಅವಳು ಬಾಗಿ ನನ್ನ ರಟ್ಟೆ ಹಿಡಿದು ಮೇಲೆತ್ತಿ ಕುರ್ಚಿಯ ಮೇಲೆ ಕೂಡಿಸಿದಳು. ಆ ಕೈಯಲ್ಲಿ ಇನ್ನೂ ಅಷ್ಟು ಬಲವಿದೆ.

“ನಿಮಗ ಯಾಕ ಬೈಲ್ರಿ ನಾ,” ಅಂದಳು. “ಏಳ್ರಿ, ಊಟಕ್ಕ ಏಳ್ರಿ.”